ತಂಪಿನ ಮರಕ್ಕೆ ನೆರಳೇಕೆ?

ಬೆಂಗಳೂರಿನ ಕಡೆ ನರ್ಸರಿಯಲ್ಲಿ ಪೈನ್ ಸಸಿ ಕೊಂಡವರಿಗೆ ಗಿಡದ ಜೊತೆ ಪುಕ್ಕಟೆಯಾಗಿ ಒಂದು ಬುದ್ಧಿಮಾತೂ ಸಿಗುವುದುಂಟು: ‘ಬೆಟ್ಟದ ಗಿಡ ಸಾರ್, ಬಿಸಿಲಿಗೆ ಇಡಬೇಡಿ.’ ಕೊಂಡವರು ನಂಬುತ್ತಾರೆ, ಏಕೆಂದರೆ ಮಾತು ಸರಿ ಎಂದೇ ಕೇಳಿಸುತ್ತದೆ. ಗಿಡ ಹಾಲಿನ ಮೂಲೆಗೋ ಮೆಟ್ಟಿಲ ಕೆಳಗಿನ ಜಾಗಕ್ಕೋ ಹೋಗಿ ಕೂರುತ್ತದೆ. ವರ್ಷ, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಒಣಕಡ್ಡಿ. ಆಗ ಮನೆಯವರು ಕೊಡುವ ವಿವರಣೆ, ‘ನಮ್ಮ ಸೆಖೆ ಅದಕ್ಕೆ ಆಗಿಬರಲಿಲ್ಲ.’ ಗಿಡವನ್ನು ಕೊಂದ ನಂಬಿಕೆಯೇ ಅದರ ಸಾವಿಗೆ ಕಾರಣವನ್ನೂ ಒದಗಿಸಿಬಿಡುತ್ತದೆ. ಹೀಗೆ ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುವ ನಂಬಿಕೆಗಳು ಸುಲಭಕ್ಕೆ ಸಾಯುವುದಿಲ್ಲ.

ಆದರೂ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ಹಿಂದೆ ಮೂರು ಆಧಾರಗಳಿವೆ, ಮೂರೂ ಕಣ್ಣಿಗೆ ಕಂಡದ್ದೇ. ಮೊದಲನೆಯದು, ಪೈನ್ ತಂಪು ನಾಡಿನ ಮರ. ಹಿಮಾಲಯ, ಶಿಲ್ಲಾಂಗ್, ಯುರೋಪಿನ ಉತ್ತರ ಎಂದರೆ ನಮ್ಮ ಕಣ್ಮುಂದೆ ಬರುವುದು ಮಂಜು ಮತ್ತು ಮಬ್ಬು. ಊಟಿ, ಕೊಡೈಕೆನಾಲ್‌ಗಳ ಪೈನ್ ತೋಪಿನೊಳಗೆ ಹೋದವರಿಗಂತೂ ಮಧ್ಯಾಹ್ನವೇ ಮುಸ್ಸಂಜೆಯಂತೆ ಕಂಡಿರುತ್ತದೆ. ಎರಡನೆಯದು, ಪೈನ್ ಸಸಿಯನ್ನು ಒಮ್ಮೆ ತಾರಸಿಗೆ ಇಟ್ಟು ನೋಡಿದವರು ಅದು ಹತ್ತೇ ದಿನಕ್ಕೆ ಕೆಂಚಗಾದದ್ದನ್ನು ಕಂಡಿದ್ದಾರೆ. ಮೂರನೆಯದು, ಅದೇ ಗಿಡ ಒಳಗೆ ತಿಂಗಳುಗಟ್ಟಲೆ ಹಸಿರಾಗಿಯೇ ಇದ್ದದ್ದನ್ನೂ ಕಂಡಿದ್ದಾರೆ. ತಂಪಿನಿಂದ ಬಂದದ್ದು, ಬಿಸಿಲಲ್ಲಿ ಸುಟ್ಟದ್ದು, ನೆರಳಲ್ಲಿ ಉಳಿದದ್ದು: ಇಷ್ಟಾದ ಮೇಲೆ ಯಾರೇ ಆದರೂ ಇದೇ ತೀರ್ಮಾನಕ್ಕೆ ಬಂದಾರು. ಕಂಡದ್ದರಲ್ಲಿ ಸುಳ್ಳಿಲ್ಲ. ಕಂಡದ್ದರಿಂದ ತೀರ್ಮಾನಕ್ಕೆ ದಾಟಿದ ದಾರಿಯಲ್ಲಿ ಎಡವಟ್ಟಾಗಿದೆ.

ಎಡವಟ್ಟಿನ ಒಂದು ಪಾಲು ನಮ್ಮ ಮಾತಿನಲ್ಲೇ ಇದೆ. ಬಿಸಿಲು ಎಂಬ ಪದದ ಹೊಟ್ಟೆಯಲ್ಲೇ ‘ಬಿಸಿ’ ಕೂತಿದೆ. ನೆರಳು ಎಂದೊಡನೆ ‘ತಂಪು’ ತಾನಾಗಿ ನಾಲಿಗೆಗೆ ಬರುತ್ತದೆ. ದಾರಿ ನಡೆದು ದಣಿದ ಮನುಷ್ಯನಿಗೆ ಈ ಜೋಡಿಗಳು ಸರಿಯೇ. ಗಿಡಕ್ಕೆ ಹಾಗಲ್ಲ. ನಾವು ಬಿಸಿಲು ಎಂದು ಒಂದೇ ಉಸಿರಲ್ಲಿ ಹೇಳುವುದರಲ್ಲಿ ಗಿಡದ ಮಟ್ಟಿಗೆ ಕನಿಷ್ಠ ಮೂರು ಸಂಗತಿಗಳಿವೆ: ಅನ್ನ ಬೇಯಿಸಿಕೊಳ್ಳಲು ಬೇಕಾದ ಬೆಳಕು, ಮೈಯನ್ನೂ ಮಣ್ಣನ್ನೂ ಕಾಯಿಸುವ ಶಾಖ, ನೀರನ್ನು ಹೀರಿ ಒಣಗಿಸುವ ಬಲ. ಮೂರೂ ಒಟ್ಟಿಗೆ ಬರುತ್ತವೆ ನಿಜ, ಆದರೆ ಮೂರರ ಪರಿಣಾಮ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಕಾಫಿ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಅವರು ಲೆಕ್ಕ ಹಾಕುವುದು ಸೆಖೆಯನ್ನಲ್ಲ, ಕಾಫಿ ಗಿಡದ ನೆತ್ತಿಗೆ ಬೀಳಬೇಕಾದ ಬೆಳಕನ್ನು. ಅದೂ ಕಾಫಿಯಂಥ ನೆರಳಿಗೆ ಹೊಂದಿದ ಗಿಡಕ್ಕೆ.

ಮೊದಲ ಆಧಾರವನ್ನು ತೆಗೆದುಕೊಳ್ಳೋಣ. ಬೆಟ್ಟ ತಣ್ಣಗಿರುವುದು ಅಲ್ಲಿ ಬಿಸಿಲು ಕಡಿಮೆ ಎಂಬ ಕಾರಣಕ್ಕಲ್ಲ, ಎತ್ತರದ ಕಾರಣಕ್ಕೆ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆದರೆ ಏರಿದಷ್ಟೂ ತಲೆಯ ಮೇಲಿನ ಗಾಳಿಯ ಪದರ ತೆಳುವಾಗುತ್ತದೆ, ಮೋಡವಿಲ್ಲದ ದಿನ ಬೆಳಕು ಇನ್ನಷ್ಟು ಪ್ರಖರವಾಗುತ್ತದೆ. ಶಿಮ್ಲಾಕ್ಕೆ ಹೋಗಿ ಬಂದವರಿಗೆ ಸ್ವೆಟರ್ ಹಾಕಿಕೊಂಡೇ ಮೂಗಿನ ಚರ್ಮ ಸುಲಿದ ನೆನಪಿರಬಹುದು. ಅಲ್ಲಿ ತಂಪು ಹೆಚ್ಚು, ಬೆಳಕೂ ಹೆಚ್ಚು. ನಮ್ಮ ದೇಶದ ಪೈನ್‌ಗಳಲ್ಲಿ ಬಹಳ ವ್ಯಾಪಕವಾದ ಚೀರ್ ಪೈನ್, ಅಂದರೆ ಸಂಸ್ಕೃತ ಕಾವ್ಯಗಳ ಸರಳ ವೃಕ್ಷ, ಹಿಮಾಚಲ ಮತ್ತು ಉತ್ತರಾಖಂಡಗಳಲ್ಲಿ ಸುಮಾರು 500ರಿಂದ 2,000 ಮೀಟರ್ ಎತ್ತರದವರೆಗೆ ಬೆಳೆಯುತ್ತದೆ. ಒಂದೇ ಗುಡ್ಡದ ಎರಡು ಮಗ್ಗುಲು ನೋಡಿದರೆ ಅದರ ಒಲವು ತಿಳಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ, ದಿನವಿಡೀ ಬಿಸಿಲು ಕಾಯುವ ಒಣ ಇಳಿಜಾರು ಚೀರ್‌ನದು. ಉತ್ತರದ ತೇವದ ಮಗ್ಗುಲಲ್ಲಿ ಬಾಂಜ್ ಓಕ್‌ನಂಥ ಅಗಲ ಎಲೆಯ ಮರಗಳ ಕೈ ಮೇಲು. ಕಾಳಿದಾಸ ಮೇಘದೂತದಲ್ಲಿ ಸರಳ ವೃಕ್ಷಗಳ ಉಜ್ಜಾಟದಿಂದ ಹುಟ್ಟುವ ಕಾಡ್ಗಿಚ್ಚನ್ನು ಹೇಳಿದ್ದಾನೆ. ಬೆಂಕಿ ಹತ್ತಿಕೊಳ್ಳುವಷ್ಟು ಒಣಗಿದ ಕಾಡು ನೆರಳಿನ ಕಾಡಾಗಿರಲಾರದು.

ಉತ್ತರ ಯುರೋಪಿನ ಮಾತೂ ಹೀಗೆಯೇ. ಅಲ್ಲಿ ಸೂರ್ಯ ತಗ್ಗಿನಲ್ಲಿ ಹಾಯುತ್ತಾನೆ, ಚಳಿಗಾಲದಲ್ಲಿ ಹಗಲೇ ಇಲ್ಲವೆನ್ನಬೇಕು, ಒಪ್ಪೋಣ. ಆದರೆ ಪೈನ್ ಬೆಳೆಯುವುದು ಬೇಸಿಗೆಯಲ್ಲಿ. ಜೂನ್ ಕೊನೆಯಲ್ಲಿ ಹೆಲ್ಸಿಂಕಿಯ ಹಗಲು ಹತ್ತಿರ ಹತ್ತಿರ 19 ಗಂಟೆ, ಬೆಂಗಳೂರಿನ ಅತಿ ದೀರ್ಘ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ತಂಪು ನಾಡು ಎಂದರೆ ಬೆಳಕಿಲ್ಲದ ನಾಡು ಎಂಬ ಚಿತ್ರ ನಮ್ಮ ಕ್ಯಾಲೆಂಡರುಗಳ ಡಿಸೆಂಬರ್ ಪುಟದಿಂದ ಬಂದದ್ದು.

ಇನ್ನು ಕೊಡೈಕೆನಾಲ್ ತೋಪಿನ ಕತ್ತಲೆ. ಒಳಗೆ ಕತ್ತಲೆ ಇದೆ, ಆದ್ದರಿಂದ ಪೈನ್ ಕತ್ತಲೆಯಲ್ಲಿ ಬೆಳೆಯುತ್ತದೆ ಎನ್ನುವುದು ಸೂರಿನ ಕೆಳಗೆ ನಿಂತು ಸೂರಿಗೆ ಬಿಸಿಲು ತಾಗುವುದಿಲ್ಲ ಎಂದಂತೆ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಬದಲು ಒಮ್ಮೆ ಕತ್ತೆತ್ತಿ ನೋಡಬೇಕು. ಕಾಂಡದ ಬಹುಪಾಲು ಬೋಳು. ಕೆಳಗಿನ ಕೊಂಬೆಗಳೆಲ್ಲ ಒಣಗಿ ಮುರಿದು, ಮೊಳೆ ಹೊಡೆದಂತೆ ಗಿಣ್ಣುಗಳಷ್ಟೇ ಉಳಿದಿವೆ. ಹಸಿರಿರುವುದು ತುದಿಯಲ್ಲಿ, ಆಕಾಶ ಕಾಣುವ ಕಡೆ. ನೆರಳು ಬಿದ್ದ ಕೊಂಬೆಯನ್ನು ಮರ ತಾನೇ ಕೈಬಿಟ್ಟಿದೆ. ನೆಲವನ್ನೂ ನೋಡಬೇಕು: ಸೂಜಿ ಎಲೆಗಳ ಹಾಸಿಗೆ ದಪ್ಪಗಿದೆ, ಆದರೆ ತಾಯಿಮರದ ಬುಡದಲ್ಲಿ ಪೈನ್ ಮರಿಗಳು ಎದ್ದು ಬರುವುದು ಅಪರೂಪ. ಮೆಕ್ಸಿಕೊದಿಂದ ಬಂದ ಪ್ಯಾಟುಲಾ ಪೈನ್‌ನ ಮರಿಗಳು ಪಳನಿ ಬೆಟ್ಟಗಳಲ್ಲಿ ಬೇಡವೆಂದರೂ ಹಬ್ಬಿವೆ. ಎಲ್ಲಿ? ಶೋಲಾ ಕಾಡಿನ ತಂಪು ನೆರಳಿನಲ್ಲಲ್ಲ, ಪಕ್ಕದ ಬಟ್ಟಬಯಲ ಹುಲ್ಲುಗಾವಲಿನಲ್ಲಿ. ಪರಿಸರದವರಿಗೆ ಅದು ತಲೆನೋವು, ನಮ್ಮ ಚರ್ಚೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನೆರಳು, ಬಯಲು ಎರಡೂ ಕೂಗಳತೆಯಲ್ಲಿರುವಾಗ ಬೀಜ ಕುದುರಿಕೊಂಡದ್ದು ಬಯಲಲ್ಲಿ.

ಇಷ್ಟಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ‘ಬೆಟ್ಟದಲ್ಲಿ ಬೆಳಕಿದ್ದರೂ ಸೆಖೆ ಇಲ್ಲ. ಇಲ್ಲಿ ಎರಡೂ ಇವೆ. ಆದ್ದರಿಂದ ಇಲ್ಲಿ ನೆರಳು ಕೊಟ್ಟರೆ ಸೆಖೆಯಾದರೂ ತಪ್ಪೀತು.’ ನಂಬಿಕೆಯ ನಿಜವಾದ ಗುಂಡಿಗೆ ಇದು. ಆದರೆ ಪತ್ರಿಕೆಯಲ್ಲಿ ‘ಗರಿಷ್ಠ ಉಷ್ಣಾಂಶ 34’ ಎಂದು ಓದುತ್ತೇವಲ್ಲ, ಅದನ್ನು ಅಳೆದದ್ದೇ ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಮಾವಿನ ಮರದ ಕೆಳಗಿನ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ನೆರಳಿಗೆ ಬಂದಾಗ ನಮಗೆ ಹಾಯೆನಿಸುವುದು ಗಾಳಿ ತಣ್ಣಗಾಯಿತು ಎಂದಲ್ಲ, ಮೈಗೆ ನೇರ ತಾಗುತ್ತಿದ್ದ ಕಿರಣ ತಪ್ಪಿತು ಎಂದು. ಬಾಳೆ ಎಲೆಗೂ ಅದರಿಂದ ಲಾಭವಿದೆ, ಅಗಲವಾದ ಎಲೆ ಗಾಳಿಯಿಲ್ಲದ ಬಿಸಿಲಿನಲ್ಲಿ ಸುತ್ತಲ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಸೂಜಿಯಂಥ ಎಲೆ ಹಾಗೆ ಕಾಯುವುದಿಲ್ಲ. ಒಂದೆರಡು ಮಿಲಿಮೀಟರ್ ದಪ್ಪವೂ ಇಲ್ಲದ ಆ ಕಡ್ಡಿ ಹೀರಿದ ಶಾಖವನ್ನು ಒಡನೆಯೇ ಗಾಳಿಗೆ ಬಿಟ್ಟುಕೊಡುತ್ತದೆ, ಅದರ ಬಿಸಿ ಗಾಳಿಯ ಬಿಸಿಯ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ಪೈನ್ ಗಿಡವನ್ನು ನೆರಳಿಗೆ ಒಯ್ದು ಎಲೆಗೆ ಉಳಿಸಿದ ಸೆಖೆ ಅತ್ಯಲ್ಪ, ಕಸಿದುಕೊಂಡ ಬೆಳಕು ಅಪಾರ.

ಒಂದು ಹೆಜ್ಜೆ ಮುಂದೆ ಹೋದರೆ ವಾದ ತಿರುಗುಮುರುಗಾಗುತ್ತದೆ. ಗಿಡವೂ ಉಸಿರಾಡುತ್ತದೆ, ಹಗಲು ಗಳಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಹಗಲೂ ರಾತ್ರಿಯೂ ಉರಿಸಿಕೊಂಡು ಬದುಕುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಖರ್ಚು ಸರಿಸುಮಾರು ಇಮ್ಮಡಿಯಾಗುತ್ತದೆ. ರಾತ್ರಿ ಹತ್ತು ಡಿಗ್ರಿಗೆ ಇಳಿಯುವ ಬೆಟ್ಟದಲ್ಲಿ ಗಿಡದ ಸಂಸಾರ ಕಡಿಮೆ ಖರ್ಚಿನದು. ರಾತ್ರಿಯೂ 22–23 ಡಿಗ್ರಿ ಇರುವ ನಮ್ಮ ಹಾಲಿನಲ್ಲಿ ಖರ್ಚು ದುಬಾರಿ. ಖರ್ಚು ಹೆಚ್ಚಿದ ಮನೆಗೆ ಸಂಬಳ ಕಡಿತ ಮಾಡುವುದು ಯಾವ ನ್ಯಾಯ? ಸೆಖೆಯ ಊರಿನ ಪೈನ್ ಗಿಡಕ್ಕೆ ತಂಪಿನ ಊರಿನದಕ್ಕಿಂತ ಬೆಳಕು ಹೆಚ್ಚು ಬೇಕು, ಕಡಿಮೆಯಲ್ಲ. ‘ಇಲ್ಲಿ ಸೆಖೆ, ಆದ್ದರಿಂದ ನೆರಳು’ ಎಂಬ ವಾಕ್ಯದ ‘ಆದ್ದರಿಂದ’ ಮುರಿದುಬೀಳುವುದು ಇಲ್ಲಿ.

ಎರಡನೆಯ ಆಧಾರಕ್ಕೆ, ತಾರಸಿಯಲ್ಲಿ ಕೆಂಚಗಾದ ಗಿಡಕ್ಕೆ ಬರೋಣ. ಸುಟ್ಟದ್ದು ನಿಜ, ಸುಟ್ಟದ್ದು ಯಾವುದರಿಂದ ಎಂಬುದೇ ಪ್ರಶ್ನೆ. ನನಗೆ ಕಾಣುವ ಕಾರಣಗಳು ಇವು:

1. ಎಲೆ ಹುಟ್ಟಿದ ಜಾಗ. ನರ್ಸರಿಯ ಹಸಿರು ಬಲೆಯ ಕೆಳಗೆ ಹುಟ್ಟಿದ ಎಲೆಯ ಹೊರಮೈ ತೆಳು. ಅದನ್ನು ಒಂದೇ ದಿನದಲ್ಲಿ ಏಪ್ರಿಲ್ ತಿಂಗಳ ತಾರಸಿಗೆ ಒಡ್ಡಿದರೆ ಸುಡದೆ ಇರುವುದಿಲ್ಲ. ಇದು ಪೈನ್‌ನ ಗುಣವಲ್ಲ, ನೆರಳಲ್ಲಿ ಬೆಳೆದ ಯಾವ ಎಲೆಗಾದರೂ ಇದೇ ಗತಿ. ಬಿಸಿಲಲ್ಲೇ ಹುಟ್ಟಿದ ಹೊಸ ಸೂಜಿಗಳು ಗಿಡ್ಡಗೆ, ಗಡುಸಾಗಿ ಬರುತ್ತವೆ, ಅವು ಸುಡುವುದಿಲ್ಲ.

2. ಕುಂಡ. ಬೆಟ್ಟದಲ್ಲಿ ಮರದ ನೆತ್ತಿ ಬಿಸಿಲಲ್ಲಿದ್ದರೂ ಬೇರು ತಂಪು ಮಣ್ಣಿನಲ್ಲಿರುತ್ತದೆ. ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಕುಂಡದ ಪಕ್ಕೆಯನ್ನು ಮಧ್ಯಾಹ್ನ ಮೂರಕ್ಕೆ ಮುಟ್ಟಿ ನೋಡಿ, ಕೈ ಇಡಲಾಗದು. ಗೋಡೆಗೆ ಅಂಟಿಕೊಂಡ ಎಳೆ ಬೇರುಗಳು ಅಲ್ಲಿ ಬೇಯುತ್ತಿರುತ್ತವೆ. ಬೇರು ಬೆಂದರೆ ನೀರು ಮೇಲೇರದು, ಎಲೆಯ ತುದಿ ಒಣಗುತ್ತದೆ, ನಾವು ಎಲೆಗೆ ಬಿಸಿಲು ಹೆಚ್ಚಾಯಿತು ಎನ್ನುತ್ತೇವೆ.

3. ಬೇರಿನ ಶಿಲೀಂಧ್ರ. ಪೈನ್‌ಗಳ ಬೇರು ಕೆಲವು ಶಿಲೀಂಧ್ರಗಳ ಜೊತೆ ಕೂಡುಬಾಳ್ವೆ ನಡೆಸುತ್ತದೆ, ಅವಿಲ್ಲದೆ ಗಿಡ ಸೊರಗುತ್ತದೆ. ಉಷ್ಣವಲಯದ ಎಷ್ಟೋ ಕಡೆ ಪೈನ್ ನೆಡುತೋಪುಗಳು ಹಳೆಯ ತೋಪಿನ ಮಣ್ಣು ತಂದು ಬೆರೆಸುವವರೆಗೆ ಏಳಲೇ ಇಲ್ಲ. ಕೆಂಪುಮಣ್ಣು, ಕೊಕೊಪೀಟ್ ತುಂಬಿದ ಕುಂಡದಲ್ಲಿ ಆ ಬಳಗ ಎಲ್ಲಿಂದ ಬರಬೇಕು? ಕೊಂಡ ಗಿಡದ ಮಣ್ಣುಂಡೆಯನ್ನು ಒಡೆದು, ತೊಳೆದು ನೆಡುವವರು ಇರುವ ಅಲ್ಪಸ್ವಲ್ಪವನ್ನೂ ಕಳೆಯುತ್ತಾರೆ.

ಇನ್ನೊಂದು ಮಾತು, ಎಲ್ಲ ಕೆಂಚೂ ರೋಗವಲ್ಲ. ಪೈನ್ ನಿತ್ಯಹಸಿರು ಎಂದರೆ ಅದರ ಎಲೆ ಉದುರುವುದಿಲ್ಲ ಎಂದಲ್ಲ. ಚೀರ್ ಪೈನ್ ಬೇಸಿಗೆಯಲ್ಲಿ ಹಳೆಯ ಸೂಜಿಗಳನ್ನು ರಾಶಿ ರಾಶಿ ಕೆಡವುತ್ತದೆ. ಹಳದಿಯಾಗುತ್ತಿರುವುದು ಕೊಂಬೆಯ ಒಳಭಾಗದ ಹಳೆಯ ಎಲೆಯೋ, ತುದಿಯ ಹೊಸ ಎಲೆಯೋ ಎಂದು ನೋಡಿಕೊಂಡರೆ ಅರ್ಧ ಗಾಬರಿ ಕಳೆಯುತ್ತದೆ.

ಮೂರನೆಯ ಆಧಾರವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮೋಸದ್ದು: ‘ಒಳಗೆ ಚೆನ್ನಾಗಿದೆಯಲ್ಲ!’ ಪೈನ್ ಜಾತಿ ಸಾಯುವುದು ನಿಧಾನ. ಬುಡ ಕಡಿದು ತಂದ ಕ್ರಿಸ್‌ಮಸ್ ಮರ ನೀರಿನ ಪಾತ್ರೆಯಲ್ಲಿ ವಾರಗಟ್ಟಲೆ ಹಸಿರಾಗಿರುತ್ತದೆ. ಬೇರೇ ಇಲ್ಲದ ಮರ ಹಾಗಿರುವುದಾದರೆ, ಹಸಿರು ಬಣ್ಣ ಆರೋಗ್ಯದ ಗುರುತು ಹೇಗಾದೀತು? ಮನೆಯೊಳಗಿನ ಗಿಡ ಹಳೆಯ ಠೇವಣಿಯನ್ನು ಕರಗಿಸಿಕೊಂಡು ತಿನ್ನುತ್ತಿರುತ್ತದೆ. ಗುರುತು ಬೇಕಾದರೆ ಹೊಸ ಚಿಗುರನ್ನು ನೋಡಬೇಕು. ಚೀರ್‌ನ ಸೂಜಿಗಳು ಒಂದೊಂದು ಗೊಂಚಲಿಗೆ ಮೂರು, ಗೇಣುದ್ದ ಇರುತ್ತವೆ. ಬೆಳಕು ಸಾಲದ ಗಿಡದಲ್ಲಿ ಅವು ಜೋಲು ಬಿದ್ದು ತೆಳುಹಸಿರಾಗುತ್ತವೆ, ಒಂದು ಸುತ್ತು ಕೊಂಬೆಗೂ ಮುಂದಿನ ಸುತ್ತಿಗೂ ನಡುವೆ ಕಾಂಡ ಉದ್ದುದ್ದ ಎಳೆದುಕೊಳ್ಳುತ್ತದೆ, ಇಡೀ ಗಿಡ ಕಿಟಕಿಯ ಕಡೆಗೆ ವಾಲುತ್ತದೆ. ಹಸಿವಾದ ಗಿಡ ಕೈ ಚಾಚಿದ್ದನ್ನು ನಾವು ‘ಬೇಗ ಎತ್ತರವಾಯಿತು’ ಎಂದು ಮೆಚ್ಚಿಕೊಳ್ಳುತ್ತೇವೆ.

ಇದಕ್ಕೆ ನಮ್ಮ ಕಣ್ಣೂ ಹೊಣೆ. ಬಯಲಿನ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಹಾಲಿನಲ್ಲಿ ಇನ್ನೂರು ಮುನ್ನೂರು ಸಿಕ್ಕರೆ ಹೆಚ್ಚು. ಮುನ್ನೂರರಿಂದ ಐನೂರು ಪಟ್ಟು ವ್ಯತ್ಯಾಸ. ಆದರೆ ಕಣ್ಣು ಹೊಂದಿಕೊಂಡುಬಿಡುವುದರಿಂದ ಒಳಗೆ ‘ಸ್ವಲ್ಪ ಕಡಿಮೆ’ ಎಂದಷ್ಟೇ ನಮಗೆ ತೋರುತ್ತದೆ. ನೂರು ರೂಪಾಯಿ ಕೂಲಿಯವನಿಗೆ ಮೂವತ್ತು ಪೈಸೆ ಕೊಟ್ಟು ‘ಸ್ವಲ್ಪ ಕಡಿಮೆಯಾಯಿತು’ ಎನ್ನುವ ಧಣಿಯ ಹಾಗೆ. ಅನುಮಾನವಿದ್ದವರು ಮೊಬೈಲಿನ ಬೆಳಕು ಅಳೆಯುವ ಆಪ್ ಹಾಕಿಕೊಂಡು ಎರಡೂ ಕಡೆ ನೋಡಬಹುದು.

ಒಳಗೆ ವರ್ಷಗಟ್ಟಲೆ ನಿಜವಾಗಿಯೂ ಚೆನ್ನಾಗಿದ್ದ ಗಿಡಗಳೂ ಇವೆಯಲ್ಲ ಎಂದರೆ, ಇವೆ, ಆದರೆ ಅವು ಸಾಮಾನ್ಯವಾಗಿ ಪೈನ್ ಅಲ್ಲ. ನಮ್ಮಲ್ಲಿ ಪೈನ್, ಕ್ರಿಸ್‌ಮಸ್ ಟ್ರೀ ಎಂದು ಮಾರುವ ಅಂತಸ್ತು ಅಂತಸ್ತಿನ ಚಂದದ ಗಿಡ ಅರೌಕೇರಿಯಾ. ಅದು ದಕ್ಷಿಣ ಪೆಸಿಫಿಕ್ ದ್ವೀಪಗಳದು, ಪೈನ್‌ಗೂ ಅದಕ್ಕೂ ಕುಟುಂಬವೇ ಬೇರೆ, ಎಳೆಯದರಲ್ಲಿ ಅದು ಕಿಟಕಿ ಪಕ್ಕದ ಬೆಳಕಿನಲ್ಲಿ ತಕ್ಕಮಟ್ಟಿಗೆ ಬಾಳುತ್ತದೆ. (ಅದಕ್ಕೂ ಸೂರ್ಯನ ಗುಂಗು ಬಿಟ್ಟಿಲ್ಲ ಅನ್ನಿಸುತ್ತದೆ. ಅದರ ಬಳಗದ ಕುಕ್ ಪೈನ್ ಎಲ್ಲಿ ನೆಟ್ಟರೂ ಸಮಭಾಜಕದ ಕಡೆಗೇ ವಾಲುತ್ತದೆಂದು 2017ರಲ್ಲಿ 18 ಪ್ರದೇಶಗಳ 256 ಮರಗಳನ್ನು ಅಳೆದವರು ತೋರಿಸಿದರು. ಏಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.) ಕಾರವಾರದ ಕಡಲತೀರದ ಗಾಳಿಮರವನ್ನು ಪೈನ್ ಎನ್ನುವವರಿದ್ದಾರೆ, ಅದು ಹೂಬಿಡುವ ಮರಗಳ ಗುಂಪಿನದು. ಅನುವಾದಗಳಲ್ಲಿ ಪೈನ್ ಎಂದು ಕಂಡಲ್ಲೆಲ್ಲ ದೇವದಾರು ಎಂದು ಬರೆಯುವ ರೂಢಿಯಿದೆ, ದೇವದಾರು ಸೀಡರ್ ಜಾತಿಯದು, ಎಳೆಯದರಲ್ಲಿ ಚೀರ್‌ಗಿಂತ ಹೆಚ್ಚು ನೆರಳು ತಾಳುತ್ತದೆ. ನಾಲ್ಕು ಮರಗಳಿಗೆ ಒಂದೇ ಹೆಸರಿಟ್ಟು ಒಂದರ ಸ್ವಭಾವವನ್ನು ಇನ್ನೊಂದಕ್ಕೆ ಅಂಟಿಸಿದರೆ ಸಾಯುವುದು ನಾಲ್ಕನೆಯದು.

ವಿರುದ್ಧ ಪಕ್ಷದಲ್ಲಿ ಉಳಿಯುವ ಸತ್ಯಾಂಶವನ್ನೂ ಹೇಳಬೇಕು. ಮೊಳಕೆಯೊಡೆದ ಮೊದಲ ಕೆಲವು ತಿಂಗಳು ಒಣ ಜಾಗದಲ್ಲಿ ತುಸು ನೆರಳು ಸಸಿಗೆ ಹಿತ, ಆಗ ನೆರಳು ಉಳಿಸಿಕೊಡುವುದು ಮಣ್ಣಿನ ತೇವವನ್ನು. ಎಲ್ಲ ಪೈನ್‌ಗಳ ಹಟವೂ ಒಂದೇ ಅಲ್ಲ, ಅಮೆರಿಕದ ಪೂರ್ವದ ಬಿಳಿ ಪೈನ್ ಎಳೆಯದರಲ್ಲಿ ಸಾಕಷ್ಟು ನೆರಳು ಸಹಿಸುತ್ತದೆ. ಹಿಮಾಲಯದಲ್ಲಿ ಚೀರ್‌ಗಿಂತ ಮೇಲೆ ಬೆಳೆಯುವ ನೀಲಿ ಪೈನ್‌ಗೆ ಬಯಲುಸೀಮೆಯ ಸೆಖೆ ನಿಜವಾಗಿಯೂ ಒಗ್ಗದು, ಆದರೆ ಅದಕ್ಕೆ ಮದ್ದು ನೆರಳಲ್ಲ, ಅದನ್ನು ಇಲ್ಲಿ ತಾರದಿರುವುದು. ಚೀರ್ ಪೈನ್‌ಗೆ ಈ ತೊಡಕು ಅಷ್ಟಿಲ್ಲ. ಅದರ ತವರಿನ ತಪ್ಪಲುಗಳಲ್ಲಿ ಮೇ–ಜೂನ್ ತಿಂಗಳಲ್ಲಿ ಪಾದರಸ 40ರ ಹತ್ತಿರ ಹೋಗುತ್ತದೆ, ಬೆಂಗಳೂರಿನ ಏಪ್ರಿಲ್ ಅದಕ್ಕೆ ಹೊಸದೇನಲ್ಲ.

ಅನುಮಾನ ಉಳಿದವರೂ ಒಂದನ್ನು ತೂಗಿ ನೋಡಬಹುದು. ಎರಡು ತಪ್ಪುಗಳ ಬೆಲೆ ಸಮವಲ್ಲ. ಬಿಸಿಲು ಹೆಚ್ಚಾದರೆ ಆ ವರ್ಷದ ಒಂದಷ್ಟು ಸೂಜಿ ಹೋಗುತ್ತದೆ, ಮುಂದಿನ ಚಿಗುರು ಹೊಂದಿಕೊಂಡು ಬರುತ್ತದೆ. ಬೆಳಕು ಕಡಿಮೆಯಾಗಿ ಕೊಂಬೆ ಬೋಳಾದರೆ ಬಹುತೇಕ ಪೈನ್‌ಗಳಲ್ಲಿ ಅಲ್ಲಿ ಮತ್ತೆ ಚಿಗುರೊಡೆಯುವುದಿಲ್ಲ, ಗಿಡದ ಆಕಾರ ಶಾಶ್ವತವಾಗಿ ಕೆಡುತ್ತದೆ. ಚೀರ್ ಇದಕ್ಕೆ ಸ್ವಲ್ಪ ಅಪವಾದ, ಬೆಂಕಿ ತಾಗಿದ ಎಳೆಮರವೂ ಕಾಂಡದಿಂದ ಚಿಗುರಬಲ್ಲದು. ಆದರೆ ಹಾಗೆ ಚಿಗುರುವುದಕ್ಕೂ ಅದಕ್ಕೆ ಬಿಸಿಲೇ ಬೇಕು.

ಹಾಗಾದರೆ ಎಲ್ಲಿಡುವುದು? ‘ದಿನಕ್ಕೆ ಆರು ಗಂಟೆ ನೇರ ಬಿಸಿಲು’ ಎಂಬ ಪುಸ್ತಕದ ಸೂತ್ರ ಕೆಟ್ಟದ್ದಲ್ಲ, ಅದನ್ನು ಕನಿಷ್ಠ ಎಂದು ತಿಳಿದರೆ. ಆದರೆ ‘ದಕ್ಷಿಣದ ಬಾಲ್ಕನಿ’ ಎಂಬ ಪಶ್ಚಿಮದ ಪುಸ್ತಕಗಳ ಸಲಹೆಯನ್ನು ಹಾಗೇ ಎತ್ತಿಕೊಳ್ಳಬಾರದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದರೆ ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಹೊತ್ತಿಗೆ. ಅಷ್ಟು ದಿನ ನಡುಹಗಲಲ್ಲಿ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲೇ ಇಲ್ಲ. ಸೂರಿಲ್ಲದ ತಾರಸಿ ಎಲ್ಲಕ್ಕಿಂತ ಮೇಲು, ಆಮೇಲೆ ಪೂರ್ವ. ನರ್ಸರಿಯಿಂದ ತಂದ ಗಿಡವನ್ನು ಮೊದಲು ಬೆಳಗಿನ ಒಂದೆರಡು ಗಂಟೆಯ ಬಿಸಿಲಿಗೆ ಒಡ್ಡಿ, ಎರಡು ಮೂರು ವಾರದಲ್ಲಿ ಇಡೀ ದಿನಕ್ಕೆ ಏರಿಸಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರುಮಾಡಿದರೆ ಇನ್ನೂ ಸಲೀಸು. ನೆರಳು ಕೊಡಲೇಬೇಕೆಂದಿದ್ದರೆ ಕುಂಡಕ್ಕೆ ಕೊಡಿ: ಸುತ್ತ ಗೋಣಿ ಸುತ್ತಿ, ಇಲ್ಲವೇ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ಮೇಲ್ಮಣ್ಣಿಗೆ ಒಣ ಎಲೆ ಹೊದಿಸಿ, ಪಶ್ಚಿಮದ ಗೋಡೆಯಿಂದ ದೂರವಿಡಿ.

ತಾರಸಿಯಾಗಲಿ ಅಂಗಳವಾಗಲಿ ಇಲ್ಲದವರು ಪೈನ್ ಕೊಳ್ಳದಿರುವುದೇ ಒಳ್ಳೆಯದು.